ಓಸಿಟಿ ಹಾಳೆಯ ಮೇಲೆ ನಾನು ಮೊದಲು ಎಳೆಯುವ ಗೆರೆ

ದೃಷ್ಟಿನರ ಎಲ್ಲಾದರೂ ಒತ್ತಡಕ್ಕೆ ಸಿಕ್ಕಿದೆಯೇ ಎಂದು ಓಸಿಟಿಯಲ್ಲಿ, ಅಂದರೆ ರೆಟಿನಾದ (ಕಣ್ಣಿನ ಹಿಂಬದಿಯ ಪರದೆ) ಪದರಗಳ ದಪ್ಪವನ್ನು ಬೆಳಕಿನಿಂದ ಅಳೆಯುವ ಸ್ಕ್ಯಾನಿನಲ್ಲಿ, ನೋಡುವಾಗ ನಾನು ಮೊದಲು ಕೆಂಪು ಬಣ್ಣ ಹುಡುಕುವುದಿಲ್ಲ. ಪೆನ್ನು ತೆಗೆದು, ಎರಡೂ ಕಣ್ಣಿನ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ನಕ್ಷೆಯಲ್ಲಿ ಅದರ ಕೇಂದ್ರಬಿಂದುವಾದ ಫೋವಿಯಾದ ಮೇಲೆ ಹಾಯುವಂತೆ ಮೇಲಿಂದ ಕೆಳಕ್ಕೆ ನೆಟ್ಟಗೆ ಒಂದು ಗೆರೆ ಎಳೆಯುತ್ತೇನೆ. ಗ್ಯಾಂಗ್ಲಿಯಾನ್ ಪದರ (ದೃಷ್ಟಿನರದ ತಂತುಗಳು ಹೊರಡುವ ಕೋಶಗಳ ಪದರ) ಗೆರೆಯಿಂದ ಮೂಗಿನ ಕಡೆಗಷ್ಟೇ ತೆಳುವಾಗಿ ಕಿವಿಯ ಕಡೆ ಸರಿಯಾಗಿದ್ದರೆ, ಅದೂ ಎರಡು ಕಣ್ಣಲ್ಲೂ ಹಾಗೇ ಇದ್ದರೆ, ಅನುಮಾನ ಕಣ್ಣು ಬಿಟ್ಟು ಕಯಾಸ್ಮಾಗೆ, ಅಂದರೆ ಎರಡು ದೃಷ್ಟಿನರಗಳು ಮಿದುಳಿನ ಬುಡದಲ್ಲಿ ಸೇರುವ ಜಾಗಕ್ಕೆ, ಹೋಗಬೇಕು. ರೆಟಿನಾದ ಮೂಗಿನ ಅರ್ಧದಿಂದ ಬರುವ ತಂತುಗಳು ಅಲ್ಲಿ ಆಚೀಚೆ ದಾಟುತ್ತವೆ. ಕಯಾಸ್ಮಾದ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದ ಗಡ್ಡೆ ಒತ್ತಿದಾಗ ಮೊದಲು ನಲುಗುವುದು ಅವೇ. ಗ್ಲಾಕೋಮಾದ (ದೃಷ್ಟಿನರ ಸವೆಯುವ ಕಣ್ಣಿನ ಕಾಯಿಲೆ) ನಷ್ಟ ನೆಟ್ಟಗೆರೆಯನ್ನಲ್ಲ, ಅಡ್ಡಗೆರೆಯನ್ನು ಪಾಲಿಸುತ್ತದೆ. ಡಿಸ್ಕಿನ (ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗ) ಮೇಲ್ತುದಿ, ಕೆಳತುದಿ ಹಿಡಿಯುತ್ತದೆ.

ಪರೀಕ್ಷೆಯ ಸರದಿ ತಪ್ಪಬಾರದು. ಮೊದಲು ವಿಷನ್, ಆಮೇಲೆ ಬಣ್ಣ ಗುರುತಿಸುವ ಇಶಿಹಾರ ಪುಸ್ತಕ, ಆಮೇಲೆ ಎರಡೂ ಕಣ್ಣಿಗೆ ಟಾರ್ಚ್ ಆಡಿಸಿ ಪಾಪೆ ನೋಡುವುದು, ಫೀಲ್ಡ್ (ನೇರ ನೋಡುವಾಗ ಸುತ್ತ ಎಲ್ಲಿಯವರೆಗೆ ಕಾಣುತ್ತದೆ ಎಂಬ ಪರೀಕ್ಷೆ), ಓಸಿಟಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಕೊನೆಗೆ. ಬೆಳಗಿನ ನೂಕುನುಗ್ಗಲಿನಲ್ಲಿ ಸಾಲಾಗಿ ಕೂರಿಸಿ ಎಲ್ಲರಿಗೂ ಡ್ರಾಪ್ಸ್ ಹಾಕಿಬಿಟ್ಟರೆ ಪಾಪೆಯ ಸಾಕ್ಷ್ಯ ಆ ದಿನಕ್ಕೆ ಹೋದಂತೆ.

ಬೆಂಗಳೂರಿನಲ್ಲಿ ಸ್ಕೂಟರ್ ಮೇಲೆ ಧೂಳು ಕುಡಿದು ಬಂದ ಕಣ್ಣು, ಇಡೀ ದಿನ ಏಸಿಯಲ್ಲಿ ಕೂತ ಕಣ್ಣು ಎರಡೂ ಒಣಗಿರುತ್ತವೆ, ಓಸಿಟಿಯ ಸಿಗ್ನಲ್ (ಚಿತ್ರದ ಗುಣಮಟ್ಟದ ಅಂಕ) ಬೀಳುತ್ತದೆ. ಲೂಬ್ರಿಕೆಂಟ್ ಒಂದು ಹನಿ ಹಾಕಿ, "ಎರಡು ಸಲ ರೆಪ್ಪೆ ಬಡೀರಿ ಅಮ್ಮ, ಈಗ ಒಳಗಿನ ಗುರುತು ನೋಡ್ತಾ ಇರಿ" ಅಂದರೆ ಅರ್ಧ ಕೆಲಸ ಆಯಿತು. ಗುರುತೇ ಕಾಣದವರಿಗೆ ಹೊರಗಿನ ದೀಪವನ್ನು ಇನ್ನೊಂದು ಕಣ್ಣಿಗೆ ತೋರಿಸಬೇಕು. ಸಿರಸ್ ಎಂಬ ಓಸಿಟಿ ಯಂತ್ರದಲ್ಲಿ ಸಿಗ್ನಲ್ 10ಕ್ಕೆ 6 ಇದ್ದರೆ ಸಾಕು ಅನ್ನುತ್ತಾರೆ. ನಾನು 7ಕ್ಕಿಂತ ಕಡಿಮೆ ಬಂದರೆ ಮತ್ತೆ ತೆಗೆಸುತ್ತೇನೆ. ಡಿಸ್ಕ್ ಮತ್ತು ಮ್ಯಾಕ್ಯುಲಾ ಎರಡೂ ಬೇಕು. ರಕ್ತನಾಳ ನಡುವೆ ಮುರಿದಂತೆ ಕಂಡರೆ ಕಣ್ಣು ಅಲುಗಿದೆ, ಆ ಸ್ಕ್ಯಾನ್ ಬಿಸಾಡಿ.

ಡಿಸ್ಕಿನ ಸುತ್ತ 3.46 ಮಿ.ಮೀ ವ್ಯಾಸದ ವೃತ್ತದಲ್ಲಿ ನರತಂತು ಪದರದ ಸರಾಸರಿ ದಪ್ಪ ಆರೋಗ್ಯವಂತರಲ್ಲಿ ಸುಮಾರು 90–100 ಮೈಕ್ರಾನ್. ಕಯಾಸ್ಮಾ ಒತ್ತಡ ಹಳೆಯದಾದಂತೆ ಇಲ್ಲಿ ಮೂಗಿನ ಮತ್ತು ಕಿವಿಯ ಕಡೆಯ ಭಾಗಗಳು ಸವೆಯುತ್ತವೆ. 50ರ ಆಸುಪಾಸಿಗೆ ಇಳಿದ ಮೇಲೆ ನರ ಇನ್ನೂ ಹಾಳಾಗುತ್ತಿದ್ದರೂ ಸಂಖ್ಯೆ ಕದಲುವುದಿಲ್ಲ. ಆಗ ಫೀಲ್ಡ್ ಒಂದೇ ದಾರಿ. ಎರಡು ಭೇಟಿಗಳ ನಡುವೆ 3–4 ಮೈಕ್ರಾನ್ ವ್ಯತ್ಯಾಸಕ್ಕೆ ಗಾಬರಿ ಬೇಡ, ಅಷ್ಟು ಯಂತ್ರದ್ದೇ ಏರಿಳಿತ.

ಹಸಿರು, ಹಳದಿ, ಕೆಂಪು ಅಂದರೆ ಯಂತ್ರದೊಳಗಿರುವ ಆರೋಗ್ಯವಂತರ ಅಳತೆಗಳ ಪಟ್ಟಿಯ ಜೊತೆ ಹೋಲಿಕೆ, ಅಷ್ಟೇ. ಕೆಂಪು ಎಂದರೆ ಆ ಪಟ್ಟಿಯ ಕೆಳಗಿನ 1 ಶೇಕಡಾ. ಮೈನಸ್ 6, 7 ಪವರ್ ಇರುವವರ ಕಣ್ಣು ಉದ್ದ. ಅವರ ದಪ್ಪ ತಂತುಕಟ್ಟುಗಳು ಕಿವಿಯ ಕಡೆ ಸರಿದಿರುತ್ತವೆ, ಆರೋಗ್ಯವಾಗಿದ್ದರೂ ಹಾಳೆ ಕೆಂಪಾಗುತ್ತದೆ. ಸಾಫ್ಟ್‌ವೇರ್ ಹುಡುಗರನ್ನು ಸುಮ್ಮನೆ ಹೆದರಿಸಿ ಕಳಿಸುವುದು ಇಲ್ಲೇ. ಡಿಸ್ಕ್ ಊದಿಕೊಂಡಿದ್ದರೆ ಉಲ್ಟಾ ಮೋಸ: ಒಳಗೆ ತಂತು ಸತ್ತಿದ್ದರೂ ದಪ್ಪ ಹಸಿರಾಗಿ ತೋರುತ್ತದೆ. ಅಲ್ಲಿ ಗ್ಯಾಂಗ್ಲಿಯಾನ್ ಪದರವನ್ನು ನೋಡಿ, ಅದೂ ಬಣ್ಣದ ನಕ್ಷೆಯಲ್ಲಲ್ಲ, ಪದರದ ಮೇಲೆ ಯಂತ್ರ ಎಳೆದ ಗೆರೆ ಜಾರಿಲ್ಲ ಎಂದು ಅಡ್ಡಸೀಳಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆ.

ಎಲ್ಲಕ್ಕಿಂತ ದುಬಾರಿ ತಪ್ಪು ಬೇರೆ. ಫೀಲ್ಡ್‌ನಲ್ಲಿ ಎರಡೂ ಕಣ್ಣಿನ ಹೊರಬದಿ ಕಪ್ಪಾಗಿದೆ, ಓಸಿಟಿ ಪೂರ್ತಿ ಹಸಿರು; "ನರ ಚೆನ್ನಾಗಿದೆ" ಎಂದು ಬರೆದು ಕನ್ನಡಕ ಬದಲಿಸಿ ಕಳಿಸುವುದು. ಒತ್ತಡ ಬಿದ್ದ ಕಡೆಯಿಂದ ಸವೆತ ಹಿಂದಕ್ಕೆ ನಡೆದು ರೆಟಿನಾ ತಲುಪಲು ವಾರಗಳು ಬೇಕು. ಆ ಹಸಿರು, ಈಗ ಒತ್ತಡ ತೆಗೆದರೆ ದೃಷ್ಟಿ ಮರಳುವ ಸಂಭವ ಹೆಚ್ಚು ಎಂಬ ಸೂಚನೆ. ರೋಗ ಇಲ್ಲ ಎಂಬ ಸೂಚನೆಯಲ್ಲ. ಅಂಥವರಿಗೆ ನಾನು ಬರೆಯುವುದು ಕಾಂಟ್ರಾಸ್ಟ್ ಸಹಿತ ಪಿಟ್ಯುಟರಿ ಪ್ರೋಟೋಕಾಲ್ ಎಂಆರ್‌ಐ. ಬರೀ "ಎಂಆರ್‌ಐ ಬ್ರೈನ್" ಎಂದರೆ ದಪ್ಪ ಸ್ಲೈಸ್‌ಗಳ ನಡುವೆ ಸಣ್ಣ ಗಡ್ಡೆ ತಪ್ಪಿಸಿಕೊಳ್ಳಬಹುದು. ಸಿಡಿಯುವಂಥ ತಲೆನೋವಿನ ಜೊತೆ ದಿಢೀರ್ ದೃಷ್ಟಿ ಇಳಿದಿದ್ದರೆ ಓಸಿಟಿಗೂ ಕಾಯಬಾರದು, ನೇರ ಎಮರ್ಜೆನ್ಸಿ.

ಆಪರೇಷನ್ ಆದ ಮೇಲೆ ಫೀಲ್ಡ್ ಕೆಲವೇ ದಿನಗಳಲ್ಲಿ ತೆರೆದುಕೊಳ್ಳಬಹುದು, ಹೋದ ಪದರ ಮಾತ್ರ ಬೆಳೆಯುವುದಿಲ್ಲ. ಹಾಗಾಗಿ ಆಪರೇಷನ್‌ಗೆ ಮುಂಚಿನ ಹಾಳೆ ಫೈಲಿನಲ್ಲಿ ಇರಲೇಬೇಕು. ನಿಮ್ಹಾನ್ಸ್‌ಗೋ ಬೇರೆಡೆಗೋ ಹೋಗುವ ಆ ಹಾಳೆಯ ಮೇಲೆ ಯಂತ್ರದ ಹೆಸರು, ಸಿಗ್ನಲ್, ಕನ್ನಡಕದ ಪವರ್ ಕೈಯಲ್ಲೇ ಬರೆಯುತ್ತೇನೆ. ಒಂದು ಕಂಪನಿಯ ಯಂತ್ರದ ಮೈಕ್ರಾನ್ ಇನ್ನೊಂದರದ್ದಕ್ಕೆ ತಾಳೆಯಾಗುವುದಿಲ್ಲ.