ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್: ಕೊಳ್ಳುವ ಮುನ್ನ ನಾನು ನೋಡಿದ್ದು

ನಾಲ್ಕು ತಿಂಗಳು ಹುಡುಕಿದೆ. ಮೂರು ಕಾರುಗಳನ್ನು ಬಿಟ್ಟು ನಾಲ್ಕನೆಯದನ್ನು ಕೊಂಡೆ. ನನಗೆ ಬೇಕಿದ್ದದ್ದು ಸ್ಕೋಡಾ 2017ರಲ್ಲಿ ಭಾರತಕ್ಕೆ ತಂದ ಆಕ್ಟೇವಿಯಾ ಆರ್‌ಎಸ್: ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ, ಆರು ಗೇರ್‌ಗಳ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಮನೆಮಂದಿಯೆಲ್ಲ ಆರಾಮವಾಗಿ ಕೂರುವ ಕಾರಿನಲ್ಲಿ ಅಷ್ಟು ಕಸುವು ಇರುವುದು ನನಗೆ ಇಂದಿಗೂ ಸಂಭ್ರಮದ ಸಂಗತಿ.

ಸಾಮಾನ್ಯ ಕಾರಾದರೆ ಎಷ್ಟು ಓಡಿದೆ ಎಂದು ಕೇಳುತ್ತೇವೆ. ಇಂಥ ಕಾರು ಹೇಗೆ ಓಡಿದೆ ಎಂಬುದನ್ನು ತಿಳಿಯಬೇಕು. ಕೊಂಡವರಲ್ಲಿ ಹಲವರು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸಿಕೊಳ್ಳುತ್ತಾರೆ; ಇದನ್ನೇ ಟ್ಯೂನ್ ಮಾಡಿಸುವುದು ಎನ್ನುತ್ತಾರೆ. ಮಾರುವ ಹೊತ್ತಿಗೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿ 'ಏನೂ ಮುಟ್ಟಿಲ್ಲ' ಎನ್ನುವವರೂ ಇದ್ದಾರೆ.

ಮೊದಲ ಕಾರಿನ ಮಾಲೀಕರು ಹೇಳಿದ್ದೂ ಅದನ್ನೇ. ಬಾನೆಟ್ ಎತ್ತಿ ನೋಡಿದರೆ ಗಾಳಿಯ ಪೈಪಿನ ಕ್ಲ್ಯಾಂಪ್‌ಗಳ ಸ್ಕ್ರೂ ತಲೆಗಳು ಸವೆದಿದ್ದವು. ಟರ್ಬೊದ ಹಿಂದಿನ ಬೋಲ್ಟ್‌ಗಳು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಚುಚ್ಚಿದೆ. ದೋಷಗಳ ಪಟ್ಟಿ ಖಾಲಿ. ಆದರೆ ಆ ಪಟ್ಟಿಯನ್ನು ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬುದನ್ನೂ ಸ್ಕ್ಯಾನರ್ ತೋರಿಸುತ್ತದೆ: 11 ಕಿ.ಮೀ. ಯಾವುದೋ ದೋಷವನ್ನು ನಾನು ಬರುವ ಮುಂಚೆ ಅಳಿಸಿದ್ದರು. ಕೈಮುಗಿದು ಹೊರಟೆ.

ಎರಡನೆಯದು ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆಯದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಅಲ್ಲಿನ ಬಡಾವಣೆಗಳು ಮುಳುಗಿದ್ದು ನೆನಪಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದೆ. ತುದಿಯಲ್ಲಿ ಕೆಸರಿನ ಗೆರೆ. ಒಳಗನ್ನು ಎಷ್ಟೇ ತೊಳೆದರೂ ಸುತ್ತಿಕೊಂಡಿರುವ ಬೆಲ್ಟನ್ನು ಬಿಚ್ಚಿ ತೊಳೆಯುವವರು ಕಡಿಮೆ. ಮೂರನೆಯದು ಹೊರರಾಜ್ಯದ ನೋಂದಣಿಯ ಅಗ್ಗದ ಕಾರು. ನಮ್ಮ ಆರ್‌ಟಿಒಗೆ ಕಟ್ಟಬೇಕಾದ ಜೀವಾವಧಿ ತೆರಿಗೆ ಕೂಡಿಸಿದಾಗ ಅಗ್ಗವಾಗಿ ಉಳಿಯಲಿಲ್ಲ.

ನಾಲ್ಕನೆಯದು ಮೈಸೂರಿನಲ್ಲಿತ್ತು. 'ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಸರ್' ಎಂದು ಫೋನಿನಲ್ಲೇ ಕೇಳಿಕೊಂಡಿದ್ದೆ. ಹೋದೊಡನೆ ಬಾನೆಟ್ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಬಿಸಿ ಎಂಜಿನ್ ಬಹಳ ಮುಚ್ಚಿಡುತ್ತದೆ. ನೀಲಿ ಹೊಗೆಯಾಗಲಿ ಎಂಜಿನ್ ಒಳಗಿನ ಚೈನಿನ ಸದ್ದಾಗಲಿ ಕಾಣಿಸಿಕೊಳ್ಳುವುದು ತಣ್ಣನೆಯ ಎಂಜಿನ್ ಚಾಲೂ ಆದ ಮೊದಲ ಕ್ಷಣಗಳಲ್ಲಿ. ಎರಡೂ ಇರಲಿಲ್ಲ.

ಮಾಲೀಕರು ನಾನು ಕೇಳುವ ಮೊದಲೇ ಹೇಳಿದರು: 'ಎರಡು ವರ್ಷ ಟ್ಯೂನ್ ಮಾಡಿಸಿ ಓಡಿಸಿದ್ದೇನೆ, ಈಗ ತೆಗೆಸಿದ್ದೇನೆ. ಬಿಲ್‌ಗಳೆಲ್ಲ ಇಲ್ಲಿವೆ, ನೋಡಿ.' ಆ ಕಡತದಲ್ಲಿ ನಾನು ಹುಡುಕಿದ್ದು ಎರಡನ್ನು. ಈ ಡಿಎಸ್‌ಜಿಯ ಆಯಿಲ್ ಮತ್ತು ಫಿಲ್ಟರನ್ನು 60,000 ಕಿ.ಮೀ.ಗೊಮ್ಮೆ ಬದಲಿಸಬೇಕು, ಬದಲಿಸಿದ್ದರು. ವಾಟರ್ ಪಂಪ್ ಕೂತಿರುವ ಪ್ಲಾಸ್ಟಿಕ್ ಭಾಗದಿಂದ ಕೂಲೆಂಟ್ ಸೋರುವುದು ಈ ಎಂಜಿನ್‌ಗಳಲ್ಲಿ ಕಂಡುಬರುವ ತೊಂದರೆ. ಅದನ್ನೂ ಹೊಸದಾಗಿ ಹಾಕಿಸಿದ್ದರು. ಟ್ಯೂನ್ ಆದ ಕಾರು ಎಂದರೆ ದೂರವಿರಿ ಎನ್ನುವವರಿದ್ದಾರೆ. ಆಯಿಲ್ ಕಾಣದ, ಟ್ಯೂನ್ ಆಗದ ಕಾರಿಗಿಂತ ಕಾಲಕಾಲಕ್ಕೆ ಆಯಿಲ್ ಕಂಡ ಟ್ಯೂನ್ ಆದ ಕಾರಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಬೆಳಗಿನ ಖಾಲಿ ರಸ್ತೆಯಲ್ಲಿ ಚಾಮುಂಡಿ ಬೆಟ್ಟ ಹತ್ತಿಸಿದೆ. ಮ್ಯಾನುಯಲ್ ಮೋಡ್‌ನಲ್ಲಿ ಮೂರನೇ ಗೇರ್, 2,000 ಆರ್‌ಪಿಎಂ, ಪೆಡಲ್ ಮುಕ್ಕಾಲು. ಪೂರ್ತಿ ತುಳಿದರೆ ಗೇರ್ ತಾನೇ ಇಳಿದುಬಿಡುತ್ತದೆ, ಪರೀಕ್ಷೆ ವ್ಯರ್ಥ. ಕ್ಲಚ್ ಜಾರುತ್ತಿದ್ದರೆ ಆರ್‌ಪಿಎಂ ಮುಳ್ಳು ಮುಂದೋಡಿ ವೇಗ ಹಿಂದುಳಿಯುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಏರಿದವು. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗಿತು, ಮುಂದಿನ ಡಿಸ್ಕ್‌ಗಳು ಮುಗಿದಿದ್ದವು. ಪೇಟೆಯ ದಟ್ಟಣೆಯಲ್ಲಿ ಇಂಚಿಂಚು ಸರಿಸಿದಾಗ ಗೇರ್‌ಬಾಕ್ಸ್ ಅದುರಲಿಲ್ಲ. ಟೈರ್‌ಗಳ ಮೇಲೆ 2319 ಎಂದಿತ್ತು: 2019ರ 23ನೇ ವಾರದವು, ಎಂದರೆ ಬದಲಿಸುವ ಕಾಲ ಬಂದಿತ್ತು.

ಡಿಸ್ಕ್ ಮತ್ತು ಟೈರ್‌ಗಳ ಖರ್ಚನ್ನು ಅವರು ಬೆಲೆಯಲ್ಲಿ ಇಳಿಸಿದರು. ಆರ್‌ಸಿಯಲ್ಲಿ ಸಾಲದ ನಮೂದು ಇನ್ನೂ ಉಳಿದಿತ್ತು. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದನ್ನು ತೆಗೆಸಲು ಬೇಕಾದ ಫಾರ್ಮ್ 35 ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಟ್ಟೆ.