ಬೀದರ್‌ದಾಗ ಬಣ್ಣಭೇದದ ಮಾತುಕತಿ, ನಾವು ಹ್ಯಾಂಗ ಮಾಡ್ತೀವಿ

ವರ್ಣಭೇದದ ಬಗ್ಗೆ ಮಾತುಕತಿ ಅದ ಬರ್ರಿ ಅಂತ ಕರದ್ರ ನಮ್ ಬೀದರ್‌ದಾಗ ಯಾರೂ ಬರಂಗಿಲ್ಲ, ಹಬ್ಸಿಕೋಟ ನೋಡ್ಕೊಂಡು ಬರೋಣ ನಡೀರಿ ಅಂದ್ರ ಮನಿಮಂದಿ ಎಲ್ಲಾ ಚಪ್ಪಲಿ ಹಾಕ್ಕೊಂಡು ಹೊಂಡ್ತಾರ. ನಾ ಹೈಸ್ಕೂಲ್‌ದಾಗ ಸಮಾಜ ವಿಜ್ಞಾನ ಕಲಸಾಕಿ. ಗೆಳತ್ಯಾರು, ಹಳೇ ವಿದ್ಯಾರ್ಥಿಗಳು, ಓಣಿ ಹಿರಿಯರು ಕೆಲವರು ಕೂಡಿ ಈ ಕೆಲಸ ಮಾಡ್ಕೋತ ಬಂದೀವಿ. ಬ್ಯಾರೆ ಊರವರು ಹ್ಯಾಂಗ ಮಾಡ್ತೀರಿ ಅಂತ ಕೇಳ್ಲಾಕತ್ಯಾರ, ಅದಕ್ಕ ಇಲ್ಲಿ ಬರೀಲಾಕತ್ತೀನಿ.

ಮೊದಲ ಮಾತು, ಜಾಗ. ಭಾಷಣದಿಂದ ಶುರು ಮಾಡ್ಬ್ಯಾಡ್ರಿ, ಕಣ್ಣಿಗಿ ಕಾಣೋದ್ರಿಂದ ಶುರು ಮಾಡ್ರಿ. ನಮಗ ಹಬ್ಸಿಕೋಟ ಅದ. ಬಹಮನಿಯವರ ಕಾಲದಾಗ ಆಫ್ರಿಕಾದಿಂದ, ಜಾಸ್ತಿ ಇಥಿಯೋಪಿಯಾ ಕಡಿಂದ, ಗುಲಾಮರಾಗಿ ಸಿಪಾಯಿಗಳಾಗಿ ಬಂದವರಿಗಿ ಹಬ್ಶಿಗಳು ಅಂತಿದ್ರು, ಅವರ ಹೆಸರೇ ಆ ಗುಡ್ಡಕ್ಕ ಅದ, ಅವರ ಸರದಾರರ ಗೋರಿಗಳು ಅಲ್ಲೇ ಅವ. ಊರಾಗೇ ಹುಟ್ಟಿ ಬೆಳದವರಿಗಿ ಸುದ್ದಾ ಈ ಹೆಸರು ಎಲ್ಲಿಂದ ಬಂತು ಅಂತ ಗೊತ್ತಿರಂಗಿಲ್ಲ. ಗೋರಿ ಮುಂದ ನಿಂತು ಹೇಳ್ತೀವಿ, ಇವರ ಪೈಕಿ ದಸ್ತೂರ್ ದಿನಾರ್ ಅನ್ನೋ ಹಬ್ಶಿ ಕಲಬುರಗಿ ಸೀಮಿಯ ಸುಬೇದಾರ ಆಗಿದ್ದ, ಮುಂದ ಬಂದ ಮಲಿಕ್ ಅಂಬರ್ ಸಣ್ಣವಿದ್ದಾಗ ಗುಲಾಮನಾಗಿ ಮಾರಾಟ ಆದಂವ ಅಹ್ಮದನಗರದ ವಜೀರ ಆಗಿ 1626ರಾಗ ಸಾಯೋತನಕ ಮೊಘಲರಿಗಿ ದಖ್ಖನ್‌ದಾಗ ನೆಲಿ ನಿಲ್ಲಗೊಡಲಿಲ್ಲ ಅಂತ. ಟಿವಿದಾಗ ಆಫ್ರಿಕಾದವರ ಬಗ್ಗೆ ಬರೀ ಡ್ರಗ್ಸ್ ಸುದ್ದಿ ಕೇಳಿದ ಹುಡುಗ್ರು ಇದನ್ನ ಬಾಯಿ ತಗದು ಕೇಳ್ತಾರ.

ಬರೋ ದಾರ್ಯಾಗ ಗವಾನ್ ಮದ್ರಸಾ ಮುಂದ ಸ್ವಲ್ಪ ಹೊತ್ತು ನಿಲ್ಲಸ್ತೀವಿ. ಅದನ್ನ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ಇರಾನ್ ಕಡಿಂದ ಬಂದವ. ಬಹಮನಿ ದರ್ಬಾರ್‌ದಾಗ ಹೊರಗಿಂದ ಬಂದ ಆಫಾಕಿಗಳು, ಇಲ್ಲಿಯ ದಖ್ನಿಗಳು ಅಂತ ಎರಡು ಪಾರ್ಟಿ, ಆ ಜಗಳದಾಗೇ ಸುಳ್ಳ ಪತ್ರ ಹುಟ್ಟಿಸಿ 1481ರಾಗ ಗವಾನ್‌ನ ತಲಿ ತಗಸಿದ್ರು. ಹಬ್ಶಿಗಳು ಅದರಾಗ ದಖ್ನಿಗಳ ಕಡಿ ಇದ್ರು. ಸಮುದ್ರ ದಾಟಿ ಆಫ್ರಿಕಾದಿಂದ ಬಂದವ ಒಳಗಿನವ ಹ್ಯಾಂಗ ಆದ, ಇರಾನ್‌ದಂವ ಹೊರಗಿನವ ಹ್ಯಾಂಗ ಉಳದ ಅಂತ ಹುಡುಗ್ರೇ ಕೇಳ್ತಾರ. ನಾ ಉತ್ತರ ಕೊಡಂಗಿಲ್ಲ, ನಡ್ಕೋತ ಅವರವರೇ ಜಗಳಾಡ್ಲಿ ಅಂತ ಬಿಡ್ತೀನಿ, ಯಾಕಂದ್ರ ಆ ಜಗಳದ ಬಿಸಿ ಇದ್ದಾಗೇ ಕುಂಡ್ರಿಸಿದ್ರ ಮುಂದಿನ ಮಾತು ಛಲೋ ಬರ್ತದ.

ಆಮ್ಯಾಗ ಓಣಿಯ ಸಮುದಾಯ ಭವನದಾಗ ಜಮಖಾನಿ ಹಾಸಿ ಗುಂಡಗ ಕೂಡ್ತೀವಿ. ಸ್ಟೇಜ್ ಬ್ಯಾಡ, ಮೈಕ್ ಬ್ಯಾಡ, ಶಾಲು-ಹಾರ ಅಂತೂ ಬ್ಯಾಡೇ ಬ್ಯಾಡ, ಹಾರ ಬಂತಂದ್ರ ಅಧ್ಯಕ್ಷರು ಬರ್ತಾರ, ಅಧ್ಯಕ್ಷರು ಬಂದ್ರಂದ್ರ ಹೆಣ್ಮಕ್ಕಳ ಬಾಯಿ ಬಂದ್ ಆಗ್ತದ. ಮಾತು ಕನ್ನಡ, ದಖ್ನಿ, ಹಿಂದಿ, ಮರಾಠಿ ಎಲ್ಲಾ ಕಲಸಿ ನಡೀತದ, ತಿಳೀದಿದ್ದವರ ಬಾಜೂಕ ಒಬ್ಬರು ಕುಂತು ಹೇಳ್ತಾರ. ನಡುಕ ಸುಸ್ಲಾ-ಮಿರ್ಚಿ, ಚಹಾ. ಇದನ್ನ ಸಣ್ಣ ಸಂಗತಿ ಅನ್ಕೋಬ್ಯಾಡ್ರಿ, ಒಂದೇ ಬುಟ್ಟಿಯಿಂದ ಮಿರ್ಚಿ ತಗೊಳ್ಳೂದ್ರಾಗೇ ನಮ್ ಕಡಿ ಅರ್ಧ ಮಾತು ಮುಗೀತದ, ಯಾರು ತಗೊಂಡ್ರು ಯಾರು ಹಿಂದ ಸರದ್ರು ಅನ್ನೋದು ಎಲ್ಲರ ಕಣ್ಣಿಗೂ ಬೀಳ್ತದ.

ಮೊದಲ ಸುತ್ತು ಚೀಟಿ. ಬಿಸ್ಕಿಟ್ ಡಬ್ಬಿದಾಗ ಎಲ್ಲರೂ ಹೆಸರಿಲ್ಲದ ಚೀಟಿ ಹಾಕ್ತಾರ, ಬಣ್ಣದ ಮ್ಯಾಲ, ಮುಖದ ಮ್ಯಾಲ, ಊರಿನ ಮ್ಯಾಲ ನಿಮಗ ಯಾರರ ಏನರ ಅಂದದ್ದು, ಇಲ್ಲಾ ನೀವೇ ಯಾರಿಗರ ಅಂದದ್ದು. ಓದೋ ಕೆಲಸ ಒಬ್ಬರದೇ, ಅಕ್ಷರ ಯಾರವು ಅಂತ ಹುಡುಕೂಹಂಗಿಲ್ಲ. ಒಮ್ಮಿ ಒಂದು ಚೀಟಿ ಬಂತು, "ನಮ್ ಅತ್ತಿ ಫೋಟೋ ತಗಿಯಾಗ ನನಗ ಹಿಂದಿನ ಸಾಲಿನ್ಯಾಗ ನಿಲ್ಲಸ್ತಾಳ" ಅಂತ. ಅಷ್ಟೇ ಇತ್ತು. ವಯಸ್ಸಾದ ಒಬ್ಬ ಹೆಣ್ಮಗಳು, ಚೀಟಿ ಅವರ ಮನಿದಲ್ಲ, ಅಂದ್ರು, "ನಾನೂ ನಮ್ ಸೊಸಿಗಿ ಹಿಂಗೇ ಮಾಡೀನವ್ವಾ, ನಮ್ ಅತ್ತಿ ನನಗ ಮಾಡಿದ್ದಳು." ಅಲ್ಲಿಂದ ಎರಡು ತಾಸು ಮಾತು ನಿಲ್ಲಲೇ ಇಲ್ಲ. ಮದವಿ ಬಯೋಡಾಟಾದಾಗ ಬಣ್ಣದ ಕಾಲಂ ಯಾಕ ಬೇಕು, ಹುಟ್ಟಿದ ಕೂಸಿಗಿ ಕಡಲಿಹಿಟ್ಟು ಹಚ್ಚಿ ತಿಕ್ಕೂದು ಯಾಕ, ಒಂದು ಕ್ರೀಮ್ ಕಂಪನಿ 2020ರಾಗ ಹೆಸರಿನ್ಯಾಗಿಂದ 'ಫೇರ್' ತಗದು 'ಗ್ಲೋ' ಅಂತ ಹಾಕ್ತು, ಡಬ್ಬಿ ಒಳಗ ಬದಲಾಗಿದ್ದು ಏನು, ಹಿಂಗ ಒಂದಕ್ಕೊಂದು ಕೂಡ್ಕೋತ ಹೋಯ್ತು. ಬಣ್ಣದ ಮಾತು ಮನಿಯಿಂದ ಶುರು ಆದ್ರೇ ಹೊರಗಿನವರ ತನಕ ಹೋಗ್ತದ ಅನ್ನೋದು ನನ್ನ ಗಟ್ಟಿ ನಂಬಿಕಿ.

ಜಾತಿ ಮಾತು ಬರ್ತದ, ಬರಲೇಬೇಕು. ಕೆಲವರು "ಟೀಚರ್ರೀ, ರೇಸಿಸಂ ಅಂತ ಕರದು ಜಾತಿ ಯಾಕ ತಗೀತೀರಿ" ಅಂತಾರ. ಎರಡೂ ಒಂದೇ ಅಂತ ನಾ ಹೇಳಂಗಿಲ್ಲ, ಆದ್ರ ಜಾತಿ ಮುಚ್ಚಿಟ್ಟು ಬೀದರ್‌ದಾಗ ಭೇದದ ಮಾತಾಡಿದ್ರ ಅದು ಬರೀ ಅಮೆರಿಕದ ಸುದ್ದಿ ಆಗ್ತದ. 1873ರಾಗೇ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕ ಅರ್ಪಣ ಮಾಡಿದ್ದು ಕರಿಯರ ಗುಲಾಮಗಿರಿ ತಗದ ಅಮೆರಿಕದ ಜನಕ್ಕ, 1972ರಾಗ ಮುಂಬೈದಾಗ ದಲಿತ ಪ್ಯಾಂಥರ್ಸ್ ಸಂಘಟನಿ ಹೆಸರು ಇಟ್ಕೊಂಡಿದ್ದು ಅಮೆರಿಕದ ಕರಿಯರ ಸಂಘಟನಿ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿ. ನಮ್ಮ ಸಂವಿಧಾನದ 15ನೇ ವಿಧಿದಾಗ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಜಾಗ ಒಂದರ ಬಾಜೂಕ ಒಂದು ಕುಂತಾವ. ಅದನ್ನ ಝೆರಾಕ್ಸ್ ಮಾಡಿ ಎಲ್ಲರ ಕೈಯಾಗ ಕೊಡ್ತೀವಿ, ಯಾರರ ಒಬ್ಬ ಹುಡುಗಿ ದೊಡ್ಡದಾಗಿ ಓದ್ತಾಳ.

ಮತ್ತೊಂದು ಮಾತು ಪ್ರತಿ ಸರ್ತಿ ಬರ್ತದ: "ನಾವು ಶರಣರ ನೆಲದವರು, ನಮ್ಮಲ್ಲಿ ಭೇದ ಇಲ್ಲ." ಈ ಮಾತಿನ ಹಿಂದ ಅಭಿಮಾನ ಅದ, ಅದನ್ನ ಮುರೀಬಾರದು. ಆದ್ರ ಅಲ್ಲಿಗೇ ಬಿಟ್ರ ಮಾತು ಮುಗದ್ಹೋಗ್ತದ. ನಾ ಕೇಳ್ತೀನಿ, ಅದೇ ಕಲ್ಯಾಣದಾಗ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದವಿ ಮಾಡಿದ್ದಕ್ಕ ಹಿರಿಯರಿಗಿ ಆನಿ ಕಾಲಿಗಿ ಕಟ್ಟಿ ಎಳಸಿದ್ರು ಅಂತ ನಾವೇ ಕತಿ ಹೇಳ್ತೀವಲ್ಲ, ಕಟ್ಟಿದವರೂ ಇದೇ ನೆಲದವರೇ ಇದ್ರಲ್ಲ, ಇವತ್ತು ನಮ್ ಓಣ್ಯಾಗ ಅಂಥ ಮದವಿ ಆದ್ರ ನಾವು ಯಾವ ಕಡಿ ನಿಂದರ್ತೀವಿ? ಇದಕ್ಕ ತಯಾರಿ ಉತ್ತರ ಯಾರ ಹತ್ರನೂ ಇರಂಗಿಲ್ಲ, ಅದಕ್ಕೇ ಇದು ಛಲೋ ಪ್ರಶ್ನಿ.

ಈಗ ಭಾಳ ಮುಖ್ಯ ಸಂಗತಿ. ನೋವು ಉಂಡವರನ್ನ ಎಬ್ಬಿಸಿ ನಿಲ್ಲಿಸಿ "ನಿಮ್ಮ ಅನುಭವ ಹೇಳ್ರಿ" ಅನ್ನಬ್ಯಾಡ್ರಿ. ಅವರು ಹೇಳಬೇಕಂದ್ರ ಹೇಳ್ತಾರ, ಹ್ಯಾಂಗ ಹೇಳಬೇಕು ಅನ್ನೋದೂ ಅವರಿಗೇ ಬಿಡ್ರಿ. ನಮ್ ಕಡಿ ಪಾರ್ಲರ್‌ದಾಗ ಕೆಲಸ ಮಾಡೋ ಮಣಿಪುರದ ಒಬ್ಬ ಹುಡುಗಿ ಬರ್ತಿದ್ದಳು, ಸುಮ್ನ ಕೂಡ್ತಿದ್ದಳು, ಯಾರೂ ಕೆಣಕಲಿಲ್ಲ. ಒಂದಿನ ಆಕೀನೇ ಒಂದು ಹಾಳಿ ತಂದಳು, ರೂಮ್ ಕೇಳ್ಲಾಕ ಹೋದಾಗ ಮನಿ ಮಾಲಕರು ಕೇಳಿದ ಪ್ರಶ್ನಿ ಎಲ್ಲಾ ಬರದಿದ್ದಳು. ನೇಪಾಳದಾಕೇನು? ಪಾಸ್‌ಪೋರ್ಟ್ ತೋರಸು. ಏನ್ ತಿಂತಿ? ರಾತ್ರಿ ಯಾರ್ ಬರ್ತಾರ? ಅಡಗಿ ಮಾಡಿದ್ರ ವಾಸನಿ ಬರ್ತದೇನು? ಆಕಿ ಆ ಹಾಳಿ ಗುಂಡಾಗ ಕುಂತ ಮನಿ ಮಾಲಕರಿಗೇ ಓದಿ, "ಅಂಕಲ್, ಈಗ ನೀವು ಉತ್ತರ ಹೇಳ್ರಿ, ನಾ ಮಾಲಕಿ" ಅಂದಳು. ಪಾಸ್‌ಪೋರ್ಟ್ ಇಲ್ಲದ ಅಂಕಲ್ ಅರ್ಧಕ್ಕೇ ಬೆವರು ಒರಸ್ಕೊಂಡ್ರು. ಅದೇ ದಿನ ನಾ 2014ರಾಗ ದಿಲ್ಲಿದಾಗ ಹೊಡತಾ ತಿಂದು ಸತ್ತ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾನ ಸುದ್ದಿ ಹೇಳಿದೆ, ಅದು ಶುರು ಆದದ್ದು ಆ ಹುಡುಗನ ಕೂದಲ ನೋಡಿ ಚಾಷ್ಟಿ ಮಾಡಿದ್ರಿಂದ. 2012ರ ಆಗಸ್ಟ್‌ದಾಗ ಬರೇ ಗಾಳಿಸುದ್ದಿಗಿ ಅಂಜಿ ಸಾವಿರಾರು ಈಶಾನ್ಯದ ಮಂದಿ ಬೆಂಗಳೂರಿಂದ ಗುವಾಹಟಿ ರೈಲ್ ಹತ್ತಿದ್ದೂ ಹೇಳಿದೆ. ಮೊದಲೇ ಹೇಳಿದ್ರ ಅದು ಪೇಪರ್ ಸುದ್ದಿ, ಆಕಿ ಪ್ರಶ್ನಿ ಕೇಳಿದಮ್ಯಾಗ ಹೇಳಿದ್ದಕ್ಕ ಎಲ್ಲರಿಗೂ ನಟ್ಟಿತು.

ಮಾತುಕತಿ ಮುಗದಮ್ಯಾಗ ಒಂದು ಕೆಲಸ ಇರಬೇಕು, ಇಲ್ಲಂದ್ರ ಚಹಾ ಕುಡದು ಹೋದಂಗ ಆಗ್ತದ. ಆ ಸರ್ತಿ ನಾವು ಬಾಡಿಗಿ ಕೊಡೋರು ಏನೇನು ಕೇಳಬಹುದು ಅಂತ ಒಂದು ಹಾಳಿ ತಯಾರು ಮಾಡಿದಿವಿ: ಅಡ್ವಾನ್ಸ್ ಎಷ್ಟು, ಬಾಡಿಗಿ ಯಾವ ತಾರೀಖಿಗಿ, ಲೈಟ್ ಬಿಲ್ ಯಾರದು, ಗುರುತಿಗಿ ಆಧಾರ್ ಕಾಪಿ. ಊಟ, ಜಾತಿ, ಮುಖ ಅದರಾಗಿಲ್ಲ. ಓಣಿ ಕಿರಾಣಿ ಅಂಗಡ್ಯಾಗ ಹಚ್ಚೀವಿ. ಮನಿ ಮಾಲಕರಾಗ ಕೆಲವರು ಒಪ್ಯಾರ, ಒಪ್ಪದವರೂ ಅದಾರ, ಅವರ ಜೋಡಿ ಮಾತು ನಡದದ.

ತಾರೀಖು ಕೇಳೋರಿಗಿ: ಮಾರ್ಚ್ 21 ಇಟ್ಕೋರಿ. 1960ರಾಗ ಅದೇ ದಿನ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ದಾಗ ಪಾಸ್ ಕಾಯ್ದೆ (ಕರಿಯರು ತಿರಗಾಡ್ಲಾಕ ಪಾಸ್ ಇಟ್ಕೊಂಡಿರಲೇಬೇಕು ಅನ್ನೋ ಕಾಯ್ದೆ) ವಿರುದ್ಧ ಕೂಡಿದ ಮಂದಿ ಮ್ಯಾಲ ಪೊಲೀಸರು ಗುಂಡು ಹಾರಿಸಿ 69 ಜನರನ್ನ ಕೊಂದ್ರು, ವಿಶ್ವಸಂಸ್ಥೆ 1966ರಾಗ ಆ ದಿನ ಜನಾಂಗ ಭೇದದ ವಿರುದ್ಧದ ದಿನ ಅಂತ ಘೋಷಣಾ ಮಾಡ್ತು. ಮತ್ತ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಮುಂದೇ ಇರ್ತದ, ಹುಡುಗ್ರು ಅದಕ್ಕ ತಯಾರಿ ನಡಸಿರ್ತಾರ, ಎರಡಕ್ಕೂ ಕೂಡಸಬಹುದು. ಬಿಸಲು ಜೋರಿರ್ತದ, ಗುಡ್ಡಕ್ಕ ಮುಂಜಾನಿ ಏಳರೊಳಗ ಹೊಂಡ್ರಿ, ನೀರಿನ ಕ್ಯಾನ್ ಮರೀಬ್ಯಾಡ್ರಿ.

ಕಲಬುರಗಿಯ ಗೆಳತ್ಯಾರು ಈ ವರ್ಷ ಶುರು ಮಾಡ್ತೀವಿ ಅಂದಾರ. ದಸ್ತೂರ್ ದಿನಾರ್ ನಿಮ್ಮವನೇ, ಬಹಮನಿ ಕಿಲ್ಲೆದಾಗ ಕುಂತು ಅವನಿಂದ ಹಿಡೀರಿ ಅಂತ ಹೇಳೀನಿ. ಪ್ರಶ್ನಿ ಹಾಳಿ, ಬಾಡಿಗಿ ಹಾಳಿ ಎರಡೂ ನನ್ನ ಹತ್ರ ಅವ, ಯಾರು ಕೇಳಿದ್ರೂ ಕಳಸ್ತೀನಿ.