ಔಲಿಯಲ್ಲಿ ಅವನು, ಗುಲ್ಮಾರ್ಗ್‌ನಲ್ಲಿ ನಾನು: ಹಿಮದ ಹದ ನೋಡಿದ ಒಂದು ವಾರ

2024ರ ಜನವರಿ ಕೊನೆಗೆ ನಾವು ನಾಲ್ಕು ಜನ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೊರಡಬೇಕಿತ್ತು. ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿ, ಅಲ್ಲಿಂದ ವಿಮಾನದಲ್ಲಿ ಶ್ರೀನಗರ. ಟಿಕೆಟ್ ಆಗಿತ್ತು, ರಜೆ ಸಿಕ್ಕಿತ್ತು. ಸಂಕ್ರಾಂತಿ ಹೊತ್ತಿಗೆ ಪೇಪರಿನಲ್ಲಿ ಗುಲ್ಮಾರ್ಗ್‌ನ ಫೋಟೊ ಬಂತು. ಬಯಲು ತುಂಬ ಕಂದು ಹುಲ್ಲು. ಒಂದು ಹಿಡಿ ಹಿಮ ಇಲ್ಲ.

ರೂಮ್ ಮಾಡಿಸಿಕೊಟ್ಟ ಏಜೆಂಟ್‌ಗೆ ಫೋನ್ ಮಾಡಿದೆ. "ಫುಲ್ ಸ್ನೋ ಇದೆ ಸರ್, ಬನ್ನಿ" ಎಂದು ಬಿಳಿ ಬೆಟ್ಟದ ಫೋಟೊ ಕಳಿಸಿದರು. ಆ ಫೋಟೊನೂ ಸುಳ್ಳಲ್ಲ. ಅದು ಅಫರ್ವಾಟ್ ಬೆಟ್ಟದ ತುದಿಯದು. ಗುಲ್ಮಾರ್ಗ್ ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೊಲಾದ, ಅಂದರೆ ಬೆಟ್ಟ ಏರುವ ರೋಪ್‌ವೇಯ, ಎರಡನೇ ಹಂತ ನಿಮ್ಮನ್ನು 3,900 ಮೀಟರ್‌ಗೂ ಮೇಲೆ ಒಯ್ಯುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು ಜಾಸ್ತಿ. ಅಂದರೆ ಊರಿಗೂ ತುದಿಗೂ ಎಂಟು ಡಿಗ್ರಿ ವ್ಯತ್ಯಾಸ. ಕೆಳಗೆ ಹುಲ್ಲು, ಮೇಲೆ ಹಿಮ, ಎರಡೂ ಒಂದೇ ದಿನ ನಿಜ. ಆದರೆ ನಮ್ಮಂಥ ಕಲಿಯುವವರು ಆಡುವುದು ಕೆಳಗಿನ ಬಯಲಲ್ಲಿ. ತುದಿಯ ಹಿಮ ತೆಗೆದುಕೊಂಡು ನಾವೇನು ಮಾಡೋಣ?

ಈ ಗೊಂದಲ ನನಗೆ ಹೊಸದಲ್ಲ. ನಮ್ಮದು ಆಳಂದ ರಸ್ತೆ ಕಡೆ ಎರೆ ಹೊಲ. ತೊಗರಿ, ಹಿಂಗಾರಿ ಜೋಳ. 2023ರಲ್ಲಿ ಮಳೆ ಎಷ್ಟು ಕೈಕೊಟ್ಟಿತ್ತು ಅಂತ ಎಲ್ಲರಿಗೂ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತು. ಹೋಬಳಿ ಲೆಕ್ಕದಲ್ಲಿ ಮಳೆ ಬಿದ್ದಿದೆ ಎಂದಿರುತ್ತದೆ, ನಮ್ಮ ಹೊಲದಲ್ಲಿ ಧೂಳು ಏಳುತ್ತಿರುತ್ತದೆ. ಅಪ್ಪ ಯಾವತ್ತೂ ಹೇಳುವುದು ಒಂದೇ ಮಾತು: "ಎಷ್ಟು ಬಿತ್ತು ಅಂತ ಕೇಳಬ್ಯಾಡ. ಹದ ಅದ ಇಲ್ಲೋ ಕೇಳು." ಬಿತ್ತುವ ಮುಂಚೆ ಅವರು ಗೇಣುದ್ದ ಮಣ್ಣು ಬಗೆದು, ಮುಷ್ಟಿಯಲ್ಲಿ ಹಿಂಡಿ ಉಂಡೆ ಕಟ್ಟುತ್ತಾರೆ. ಉಂಡೆ ಕೈಗೆ ಮೆತ್ತಿಕೊಂಡರೆ ಹಸಿ ಜಾಸ್ತಿ. ಕಟ್ಟದೆ ಉದುರಿದರೆ ಒಣ. ಉಂಡೆ ಆಗಿ, ಕೆಳಗೆ ಬಿಟ್ಟಾಗ ಒಡೆದರೆ ಕೂರಿಗೆ ಕಟ್ಟಬಹುದು.

ಹಿಮಕ್ಕೂ ಇದನ್ನೇ ಯಾಕೆ ಮಾಡಬಾರದು ಅನ್ನಿಸಿದ್ದು ಆವಾಗಲೇ.

ಟಿಕೆಟ್ ರದ್ದು ಮಾಡಿದೆವು. ಸ್ವಲ್ಪ ದುಡ್ಡು ಹೋಯಿತು, ಹೋಗಲಿ. ಹಿಮಾಲಯಕ್ಕೆ ಚಳಿಗಾಲದಲ್ಲಿ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಗಾನಿಸ್ತಾನ ದಾಟಿ ಬರುವ ಗಾಳಿ-ಮೋಡದ ಅಲೆಗಳು. ಆ ಜನವರಿಯಲ್ಲಿ ಬಲವಾದ ಅಲೆ ಬರಲೇ ಇಲ್ಲ. ತಿಂಗಳ ಕೊನೆಗೆ ಮೊದಲ ದೊಡ್ಡದು ಬಂತು. ನಾನು ದಿನಾ ಬೆಳಗ್ಗೆ ಚಹಾ ಜೊತೆ ಹವಾಮಾನ ಇಲಾಖೆಯ ಶ್ರೀನಗರ ಕೇಂದ್ರದ ಮುನ್ಸೂಚನೆ ನೋಡುತ್ತಿದ್ದೆ. ಎರಡು ಅಲೆ ಬಂದುಹೋಗುವ ತನಕ ಟಿಕೆಟ್ ಮಾಡುವುದು ಬೇಡ ಎಂದು ನಿರ್ಧರಿಸಿದೆವು. ಮೊದಲನೆಯದು ಬರೀ ನೆಲಹಾಸು. ಬಿಸಿನೆಲದ ಮೇಲೆ ಬಿದ್ದ ಹಿಮ ಅರ್ಧ ಕರಗಿ ಹೋಗುತ್ತದೆ. ಅದರ ಮೇಲೆ ಬೀಳುವ ಎರಡನೆಯದು ನಿಲ್ಲುತ್ತದೆ.

ಬೀದರ್‌ನ ಗೆಳೆಯನೊಬ್ಬ ಇದ್ದಾನೆ. 2019ರಲ್ಲಿ ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮದ ಸ್ಕೀಯಿಂಗ್ ಕೋರ್ಸಿಗೆ ಹೋದಾಗ ಪರಿಚಯ. ಅಷ್ಟು ದೂರ ಹೋಗಿ ಊಟದ ಸಾಲಿನಲ್ಲಿ ನಮ್ಮ ಕಡೆ ಕನ್ನಡ ಕೇಳಿಸಿದ್ದಕ್ಕೆ ಇಬ್ಬರೂ ತಿರುಗಿ ನೋಡಿದ್ದೆವು. ಅವನು ಈ ಸಲ ಔಲಿಗೇ ಹೋಗುವವನಿದ್ದ. ನಾನು ಗುಲ್ಮಾರ್ಗ್. ಇಬ್ಬರಿಗೂ ರಜೆ ಫೆಬ್ರುವರಿ ಕೊನೆಯ ವಾರ. ಹಾಗಾದರೆ ಒಂದೇ ಅಳತೆಯಲ್ಲಿ ಎರಡು ಕಡೆ ನೋಡೋಣ ಎಂದು ಫೋನಿನಲ್ಲೇ ಮಾತಾಯಿತು.

ಅಳತೆಗೆ ನಾವು ಬಳಸಿದ್ದು ಸ್ಕೀ ಕೋಲು. ಅದಕ್ಕೆ ಗೇಣಿಗೊಂದು ಕೆಂಪು ಟೇಪು ಸುತ್ತಿದೆವು. ಬೆಳಗ್ಗೆ 8ಕ್ಕೆ ಒಮ್ಮೆ, ಮಧ್ಯಾಹ್ನ 1ಕ್ಕೆ ಒಮ್ಮೆ. ಕೆಳಗೆ ಒಂದು ಜಾಗ, ಮೇಲೆ ಒಂದು ಜಾಗ. ಎರಡರಲ್ಲೂ ಬಿಸಿಲಿನ ಬದಿ ಬೇರೆ, ನೆರಳಿನ ಬದಿ ಬೇರೆ. ಇದು ಮುಖ್ಯ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ದಿನವಿಡೀ ಬಿಸಿಲು ಕುಡಿಯುತ್ತದೆ, ಉತ್ತರಕ್ಕೆ ಮುಖ ಮಾಡಿದ್ದು ಹಿಮವನ್ನು ವಾರಗಟ್ಟಲೆ ಜೋಪಾನ ಮಾಡುತ್ತದೆ. ಹತ್ತು ಹೆಜ್ಜೆ ಅಂತರದಲ್ಲಿ ಎರಡು ಬೇರೆ ಹಿಮ ಸಿಗುತ್ತದೆ ಅಂದರೆ ನಂಬುತ್ತೀರಾ? ನಾನು ನಂಬಿರಲಿಲ್ಲ. ಕೋಲು ಇಳಿಸಿದ ಮೇಲೆ ಒಂದು ಹಿಡಿ ಹಿಮ ಎತ್ತಿ ಮುಷ್ಟಿ ಕಟ್ಟಿ, ಏನಾಯಿತು ಅಂತ ಬರೆಯಬೇಕು. ಕೊನೆಗೆ ಹಿಮ ಬಿದ್ದು ಎಷ್ಟು ದಿನ ಆಯಿತು ಎನ್ನುವುದು. ಇಷ್ಟೇ. ರಾತ್ರಿ ಊಟ ಆದಮೇಲೆ ಫೋನ್.

ನಾವು ಗುಲ್ಮಾರ್ಗ್ ತಲುಪಿದ್ದು ಫೆಬ್ರುವರಿ 26ಕ್ಕೆ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಮುಗಿದ ಮರುದಿನ. ತಂಗ್‌ಮಾರ್ಗ್‌ನಲ್ಲಿ ರಸ್ತೆ ಒದ್ದೆ ಇತ್ತು, ಹಿಮ ಬದಿಯಲ್ಲಿ ಮಾತ್ರ. ಅಲ್ಲಿಂದ ಟಯರಿಗೆ ಸರಪಳಿ ಕಟ್ಟಿದ ಗಾಡಿಯಲ್ಲಿ 13 ಕಿಲೋಮೀಟರ್ ಏರುವಷ್ಟರಲ್ಲಿ ಹಿಮದ ಗೋಡೆ ನಮ್ಮ ತಲೆಗಿಂತ ಎತ್ತರ. ಹಿಂದಿನ ವಾರವಷ್ಟೇ ದೊಡ್ಡ ಹಿಮಪಾತ ಆಗಿತ್ತು. ತಿಂಗಳ ಹಿಂದೆ ಹುಲ್ಲಿನ ಫೋಟೊ ನೋಡಿದ್ದ ಅದೇ ಬಯಲು ಇದು ಅಂತ ಅನ್ನಿಸಲೇ ಇಲ್ಲ.

ಗೊಂಡೊಲಾದ ಮೊದಲ ಹಂತ ಮುಗಿಯುವ ಕೊಂಗ್‌ದೂರಿಯೇ ನನ್ನ ಮೇಲಿನ ಜಾಗ. ಮರುದಿನದ ನನ್ನ ಟಿಪ್ಪಣಿ ಹೀಗಿದೆ: "ಕೆಳಗೆ ನಾಲ್ಕು ಗೇಣು. ಕೊಂಗ್‌ದೂರಿಯಲ್ಲಿ ಕೋಲು ಹಿಡಿಕೆ ತನಕ ಹೋಯಿತು, ನೆಲ ಸಿಗಲಿಲ್ಲ. ಉಂಡೆ ಕಟ್ಟಲಿಲ್ಲ. ಜೋಳದ ಹಿಟ್ಟು." ಅವನು ಔಲಿಯಿಂದ ಓದಿದ್ದು: "ಕೆಳಗೆ ಬಿಸಿಲಲ್ಲಿ ಒಂದು ಗೇಣು, ಅಲ್ಲಲ್ಲಿ ಹುಲ್ಲು. ನೆರಳಲ್ಲಿ ಎರಡು. 8ಕ್ಕೆ ಗಟ್ಟಿ, ಕೋಲಿನ ಮೊನೆ ಜಾರಿತು. 11ಕ್ಕೆ ಉಂಡೆ ಆಗಿ ಒಡೆಯಿತು. 1ಕ್ಕೆ ಅಂಬಲಿ."

ಸಂಖ್ಯೆ ನೋಡಿದರೆ ಗುಲ್ಮಾರ್ಗ್ ಗೆದ್ದಿತು ಅಲ್ವಾ? ಅವತ್ತು ಒಳ್ಳೆಯ ಸ್ಕೀಯಿಂಗ್ ಆಗಿದ್ದು ಅವನಿಗೆ. ನನ್ನ ಜೊತೆ ಬಂದವರಲ್ಲಿ ಇಬ್ಬರು ಹೊಸಬರು. ತುಳಿದು ಹದಗೊಳಿಸಿದ ಜಾಗ ಬಿಟ್ಟು ಒಂದು ಮಾರು ಆಚೆ ಹೋದರೆ ಸ್ಕೀ ಹಿಟ್ಟಿನಲ್ಲಿ ಹುದುಗುತ್ತಿತ್ತು. ಬಿದ್ದವರು ಏಳಲು ಹತ್ತು ನಿಮಿಷ. ಕೋಲು ಊರಿದರೆ ಅದೂ ಒಳಗೆ ಹೋಗುತ್ತದೆ, ಆಸರೆಗೆ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸುಸ್ತು. ಔಲಿಯಲ್ಲಿ ಹಿಮ ತೆಳ್ಳಗಿತ್ತು, ಆದರೆ ರಾತ್ರಿ ಹೆಪ್ಪುಗಟ್ಟಿ, ಬೆಳಗಿನ ಬಿಸಿಲಿಗೆ ಮೇಲಿನ ಎರಡು ಬೆರಳು ಮಾತ್ರ ಮೆದುವಾಗುತ್ತಿತ್ತು. ಅಡಿಯಲ್ಲಿ ಗಟ್ಟಿ ಹಾಸು, ಮೇಲೆ ಮೆದು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹತ್ತೂವರೆಯಿಂದ ಹನ್ನೆರಡರ ತನಕ ಅಷ್ಟೇ. ಅದಕ್ಕೂ ಮುಂಚೆ ಗಾಜು, ಆಮೇಲೆ ಅಂಬಲಿ. ಆ ಒಂದೂವರೆ ಗಂಟೆ ಹಿಡಿದವರಿಗೆ ಔಲಿ, ಇಡೀ ದಿನ ಬೇಕೆನ್ನುವ ಪಳಗಿದವರಿಗೆ ಗುಲ್ಮಾರ್ಗ್. ಆ ವಾರದ ಮಟ್ಟಿಗೆ ನನ್ನ ತೀರ್ಮಾನ ಇದೇ.

ಔಲಿಯಲ್ಲಿ ಕೃತಕ ಹಿಮ ಮಾಡುವ ಯಂತ್ರಗಳಿವೆ, ಅದಕ್ಕೆಂದೇ ಒಂದು ಕೆರೆಯೂ ಇದೆ. ಆದರೆ ಗಾಳಿ ಸಾಕಷ್ಟು ತಣ್ಣಗೆ, ಒಣಗಿ ಇದ್ದರೆ ಮಾತ್ರ ನೀರಿನ ಹನಿ ಹಿಮವಾಗಿ ಬೀಳುತ್ತದೆ. ಬೆಚ್ಚಗಿನ ಚಳಿಗಾಲದಲ್ಲಿ ಅದನ್ನು ನಂಬಿ ಹೊರಡಬೇಡಿ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾವು ಹೋಗುವ ನಾಲ್ಕು ದಿನ ಮೊದಲು, ಫೆಬ್ರುವರಿ 22ಕ್ಕೆ, ಗುಲ್ಮಾರ್ಗ್‌ನ ಮೇಲ್ಭಾಗದಲ್ಲಿ ಹಿಮಕುಸಿತ ಆಗಿ ರಷ್ಯಾದ ಒಬ್ಬ ಸ್ಕೀಯರ್ ತೀರಿಕೊಂಡಿದ್ದರು. ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಮೂರನೇ ದಿನ ನಮ್ಮ ಗೈಡ್ ನನ್ನನ್ನು ಕೊಂಗ್‌ದೂರಿಯ ಸಪಾಟು ಜಾಗಕ್ಕೆ ಕರೆದೊಯ್ದು ಸಲಿಕೆಯಿಂದ ಎದೆಮಟ್ಟ ಗುಂಡಿ ತೋಡಿದರು. ಗುಂಡಿಯ ಒಂದು ಗೋಡೆಯನ್ನು ನೇರ ಕೆತ್ತಿ, "ಕೈ ಹಾಕಿ ನೋಡಿ" ಎಂದರು. ಮೇಲೆ ಮುಷ್ಟಿ ಸುಲಭವಾಗಿ ಹೋಯಿತು. ಅದರ ಕೆಳಗೆ ನಾಲ್ಕು ಬೆರಳು ಜೋಡಿಸಿ ಒತ್ತಬೇಕಾಯಿತು. ಇನ್ನೂ ಕೆಳಗೆ ಒಂದೇ ಬೆರಳು. ಆಮೇಲೆ ಹಪ್ಪಳದಷ್ಟು ತೆಳು ಒಂದು ಗಟ್ಟಿ ಪದರ, ಪೆನ್ಸಿಲ್ ಮಾತ್ರ ಚುಚ್ಚಿತು. ಅದರಡಿ ಬೆರಳಿಟ್ಟೆ. ರವೆ. ಸಜ್ಜಿಗೆಯ ರವೆ ಡಬ್ಬಿಯಲ್ಲಿ ಕೈ ಹಾಕಿದ ಹಾಗೆ, ಕಾಳು ಕಾಳು, ಒಂದಕ್ಕೊಂದು ಅಂಟೇ ಇಲ್ಲ. ಅವರು ಒಂದು ಹಿಡಿ ಕೈಗವಸಿನ ಮೇಲೆ ಹಾಕಿ ಓರೆ ಮಾಡಿದರು. ಸರ್ರನೆ ಜಾರಿ ಹೋಯಿತು.

ತೆಳ್ಳಗಿನ ಹಿಮ ತುಂಬಾ ದಿನ ಚಳಿ-ಒಣ ಹವೆಯಲ್ಲಿ ಹಾಗೇ ಬಿದ್ದಿದ್ದರೆ ಹೀಗೆ ಸಕ್ಕರೆ ಕಾಳಿನಂತೆ ಬಿಡಿಬಿಡಿ ಆಗುತ್ತದಂತೆ. ಅದರ ಮೇಲೆ ಒಮ್ಮೆಲೇ ಭಾರಿ ಹಿಮ ಬಿದ್ದರೆ, ಕಡಿದಾದ ಇಳಿಜಾರಿನಲ್ಲಿ ಆ ಭಾರ ಹೊರುವ ಶಕ್ತಿ ಅಡಿಪದರಕ್ಕೆ ಇರುವುದಿಲ್ಲ. ಅಂದರೆ ಹಿಮ ಒಂದೇ ಸಮ ಬೀಳದ ಚಳಿಗಾಲದಲ್ಲಿ ಬರೀ ಆಟ ಕೆಡುವುದಿಲ್ಲ, ಅಪಾಯವೂ ಅಡಿಯಲ್ಲಿ ಕೂತಿರುತ್ತದೆ. ಆಳ ಜಾಸ್ತಿ ಇದ್ದ ಕಡೆಯೇ ನಾನು ಜಾಸ್ತಿ ಹೆದರಬೇಕಿತ್ತು. ಎರಡನೇ ಹಂತಕ್ಕೆ ಹೋಗುವ ಆಸೆ ಅವತ್ತೇ ಬಿಟ್ಟೆ. ನಮ್ಮಲ್ಲಿ ಒಬ್ಬನಿಗೆ ಬೇಜಾರಾಯಿತು. ಗುಂಡಿಯ ಹತ್ತಿರ ಕರೆದು ಅವನ ಬೆರಳನ್ನೂ ರವೆಯಲ್ಲಿ ಇಡಿಸಿದೆ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಮೇಲಿನ ಬೆಟ್ಟಕ್ಕೆ ಹೋಗುವವರು ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿ.ಜಿ.ಆರ್.ಇ. ಕೊಡುವ ಹಿಮಕುಸಿತದ ಎಚ್ಚರಿಕೆ ನೋಡದೆ, ಸ್ಥಳೀಯ ಗೈಡ್ ಇಲ್ಲದೆ ಖಂಡಿತ ಹೋಗಬಾರದು.

ಫೋನಿನಲ್ಲಿ ಹಿಮ ವಿಚಾರಿಸುವುದನ್ನೂ ಈಗ ಬದಲಾಯಿಸಿದ್ದೇನೆ. "ಹಿಮ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ನೀವು ಈಗ ನಿಂತಿರುವ ಜಾಗ ಯಾವುದು, ಅಲ್ಲಿ ಹುಲ್ಲು ಕಾಣುತ್ತಾ, ಕೊನೆಗೆ ಬಿದ್ದಿದ್ದು ಯಾವಾಗ, ಮಧ್ಯಾಹ್ನ ಬೂಟು ಒದ್ದೆ ಆಗುತ್ತಾ ಎಂದು ಕೇಳುತ್ತೇನೆ. ಹೋಟೆಲಿನವರಿಗಿಂತ ಬಾಡಿಗೆಗೆ ಸ್ಕೀ ಕೊಡುವ ಹುಡುಗರು ಇದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ. ಒದ್ದೆ ಬೂಟು ಸಂಜೆ ಒಣಗಿಸುವವರು ಅವರೇ ತಾನೇ.

2025ರಲ್ಲೂ ಹಿಮ ತಡವಾಯಿತು. ಫೆಬ್ರುವರಿ 22ರಿಂದ ನಡೆಯಬೇಕಿದ್ದ ಖೇಲೋ ಇಂಡಿಯಾ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನೇ ಹಿಮ ಇಲ್ಲದೆ ಮುಂದೂಡಿ, ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ನಾವು ಎರಡು ಅಲೆಗೆ ಕಾಯುತ್ತಿದ್ದರಿಂದ ಈ ಸಲ ದುಡ್ಡು ಕಳೆದುಕೊಳ್ಳಲಿಲ್ಲ.

ನಮ್ಮ ನೋಟ್‌ಬುಕ್ಕಿನಲ್ಲಿ ಔಲಿ, ಗುಲ್ಮಾರ್ಗ್ ಪಕ್ಕ ಮೂರನೇ ಕಾಲಮ್ಮು ಎಳೆದಿದ್ದೇವೆ, ಮನಾಲಿ ಹತ್ತಿರದ ಸೋಲಂಗ್‌ಗೆ. ಅದು ಇನ್ನೂ ಖಾಲಿ ಇದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಯಾರಾದರೂ ಈ ಚಳಿಗಾಲ ಅಲ್ಲಿಗೆ ಹೊರಟಿದ್ದರೆ, ಕೋಲಿಗೆ ಗೇಣಿಗೊಂದು ಟೇಪು ಸುತ್ತಿಕೊಂಡು ಹೋಗಿ. ಬೆಳಗ್ಗೆ 8ಕ್ಕೆ ಮತ್ತು ಮಧ್ಯಾಹ್ನ 1ಕ್ಕೆ ನೋಡಿದರೆ ಸಾಕು, ನಮ್ಮ ಕಾಲಮ್ಮಿಗೆ ಹೊಂದುತ್ತದೆ.